ಮಾತಿನ ಮನೆಯ ಎರಡನೆಯ ಬಾಗಿಲು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ—ಈ ಐದು ಹೆಸರುಗಳನ್ನು ಒಂದೇ ಉಸಿರಿನಲ್ಲಿ ಹೇಳುವುದು ಸುಲಭ. ಐದೂ ಊರುಗಳಲ್ಲಿ ಕೆಲಸವಿಟ್ಟುಕೊಂಡು ಒಂದೇ ದಿನದಲ್ಲಿ ಸುತ್ತಿ ಬರುವುದು ಅಷ್ಟು ಸುಲಭವಲ್ಲ. ಗುಡೇಕೋಟೆಯ ಕಲ್ಲುಗುಡ್ಡಗಳಿಂದ ಹೊರಟವರು ಹಡಗಲಿಯ ಮಲ್ಲಿಗೆ ತೋಟಗಳನ್ನು ಮುಟ್ಟುವಷ್ಟರಲ್ಲಿ ಹೊತ್ತು ಇಳಿದಿರುತ್ತದೆ. ಈ ಸೀಮೆಯ ಜನಕ್ಕೆ ಸರ್ಕಾರವೆಂಬುದು ಬಹುಕಾಲದಿಂದಲೂ ಒಂದು ದೂರದ ವಸ್ತು. ಹರಪನಹಳ್ಳಿಯನ್ನೇ ನೋಡಿ: ಬಳ್ಳಾರಿ ಜಿಲ್ಲೆಯಲ್ಲಿದ್ದದ್ದು ೧೯೯೭ರಲ್ಲಿ ದಾವಣಗೆರೆಗೆ ಸೇರಿತು, ಮುಂದೆ ಮತ್ತೆ ಬಳ್ಳಾರಿಗೆ ಮರಳಿತು, ೨೦೨೧ರಲ್ಲಿ ಹೊಸದಾಗಿ ರೂಪುಗೊಂಡ ವಿಜಯನಗರ ಜಿಲ್ಲೆಗೆ ಬಂದಿತು. ಊರು ಇದ್ದಲ್ಲಿಯೇ ಇತ್ತು. ಅದರ ಜಿಲ್ಲಾ ಕಚೇರಿ ಮಾತ್ರ ಬಳ್ಳಾರಿ, ದಾವಣಗೆರೆ, ಹೊಸಪೇಟೆ ಎಂದು ಮೂರು ಊರು ಕಂಡಿತು.

ಇಂಥ ಸೀಮೆಯಲ್ಲಿ ದೂರವನ್ನು ಕುಗ್ಗಿಸುವ ಯಾವ ಸಾಧನ ಬಂದರೂ ಅದು ಸ್ವಾಗತಾರ್ಹವೇ. ಈಗ ಸರ್ಕಾರಿ ಕಚೇರಿಗಳಲ್ಲಿಯೂ ನ್ಯಾಯಾಲಯಗಳಲ್ಲಿಯೂ ವಿಡಿಯೊ ಕಾನ್ಫರೆನ್ಸ್ ಎಂಬ ಏರ್ಪಾಡು ಬಂದಿದೆ. ದೃಶ್ಯ ಸಂವಾದ ಎಂದು ಅದನ್ನು ಕನ್ನಡಿಸಿದವರುಂಟು; ಕಚೇರಿಗಳಲ್ಲಿ ಸಾಮಾನ್ಯವಾಗಿ ಬಾಯಿಗೆ ಬರುವುದು ‘ವಿ.ಸಿ.’ ಎಂಬ ಎರಡಕ್ಷರ. ‘ಸಾಹೇಬರು ವಿ.ಸಿ.ಯಲ್ಲಿದ್ದಾರೆ’ ಎಂದರೆ ಅರ್ಜಿ ಹಿಡಿದು ಬಂದವನು ಹೊರಗಿನ ಬೆಂಚಿನ ಮೇಲೆ ಕುಳಿತುಕೊಳ್ಳಬೇಕೆಂದು ಅರ್ಥ. ಇಂಥ ಉಪಕರಣಗಳ ಹತ್ತಿರದಲ್ಲಿ ಕೆಲವು ಕಾಲ ಕೆಲಸ ಮಾಡಿರುವ ನಾನು ಇಂದು ಅವುಗಳ ಉಪಯೋಗವನ್ನು ಹೊಗಳಲು ಹೊರಟಿಲ್ಲ. ಅದು ಎಲ್ಲರಿಗೂ ತಿಳಿದದ್ದೇ. ಆ ಕೋಣೆಗೆ ಕಣ್ಣಿಗೆ ಕಾಣದ ಇನ್ನೊಂದು ಬಾಗಿಲಿದೆ. ಅದರ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂಬುದು ನನ್ನ ಉದ್ದೇಶ.

ಮೊದಲು ಆ ಉಪಕರಣ ಎಂಥದೆಂದು ನೋಡೋಣ. ಗೋಡೆಯ ಮೇಲೆ ಒಂದು ತೆರೆ; ತೆರೆಯ ಬಳಿ ಒಂದು ಕ್ಯಾಮೆರಾ; ಮೇಜಿನ ನಡುವೆ ಒಂದು ಮೈಕು; ಇವಿಷ್ಟಕ್ಕೂ ಬುದ್ಧಿಯಂತೆ ಒಂದು ಪೆಟ್ಟಿಗೆ. ಈ ಪೆಟ್ಟಿಗೆಗೆ ಕೋಡೆಕ್ ಎಂದು ಹೆಸರು. ಚಿತ್ರವನ್ನೂ ಧ್ವನಿಯನ್ನೂ ಅಂಕೆಗಳಾಗಿ ಮಾರ್ಪಡಿಸಿ, ಹಿಂಡಿ ಚಿಕ್ಕದಾಗಿಸಿ, ಜಾಲದ ಮೂಲಕ ಅತ್ತ ಕಳುಹಿಸುವುದು, ಅತ್ತಣಿಂದ ಬಂದುದನ್ನು ಮತ್ತೆ ಬಿಡಿಸಿ ತೋರಿಸುವುದು ಇದರ ಕೆಲಸ. ನೋಡುವವರಿಗೆ ಇದು ಟೆಲಿವಿಷನ್ನಿನ ಒಂದು ಬಗೆಯಂತೆ ತೋರುತ್ತದೆ. ನಿಜದಲ್ಲಿ ಅದು ಒಂದು ಪೂರ್ಣ ಕಂಪ್ಯೂಟರು. ಟೆಲಿವಿಷನ್ ನಮಗೆ ತೋರಿಸುತ್ತದೆಯೇ ಹೊರತು ನಮ್ಮನ್ನು ನೋಡುವುದಿಲ್ಲ. ಇದು ನೋಡುತ್ತದೆ, ಕೇಳುತ್ತದೆ, ದೂರದಿಂದ ಬಂದ ಆಜ್ಞೆಯನ್ನು ಪಾಲಿಸುತ್ತದೆ. ಕ್ಯಾಮೆರಾವನ್ನು ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಕೋಣೆಯ ಮೂಲೆಯಲ್ಲಿರುವ ಕಾಗದವನ್ನು ಹತ್ತಿರಕ್ಕೆ ಎಳೆದು ಓದಬಹುದು.

ಈ ಪೆಟ್ಟಿಗೆಗೆ ಎರಡು ಬಾಗಿಲುಗಳಿವೆ. ಒಂದು ಮಾತಿನ ಬಾಗಿಲು: ಹೊಸಪೇಟೆಯಿಂದಲೋ ಬೆಂಗಳೂರಿನಿಂದಲೋ ಕರೆ ಬಂದಾಗ ಅದರ ಮೂಲಕ ಸಂಭಾಷಣೆ ನಡೆಯುತ್ತದೆ. ಇನ್ನೊಂದು ಆಡಳಿತದ ಬಾಗಿಲು: ಅದರ ಮೂಲಕ ತಂತ್ರಜ್ಞನೊಬ್ಬ ದೂರದಲ್ಲಿಯೇ ಕುಳಿತು ಯಂತ್ರದ ಏರ್ಪಾಡುಗಳನ್ನು ಬದಲಾಯಿಸುತ್ತಾನೆ, ದೋಷವನ್ನು ಪತ್ತೆ ಮಾಡುತ್ತಾನೆ, ಕೆಟ್ಟು ನಿಂತಾಗ ಮತ್ತೆ ಚಾಲೂ ಮಾಡುತ್ತಾನೆ. ನಮ್ಮ ಕಡೆಯ ಕೆರೆಗಳನ್ನು ನೆನಪಿಸಿಕೊಂಡರೆ ಈ ಭೇದ ಸ್ಪಷ್ಟವಾಗುತ್ತದೆ. ಕೆರೆಯ ನೀರು ಊರಿಗೆಲ್ಲ ಸೇರಿದ್ದು. ಆದರೆ ತೂಬಿಗೆ ಕೈ ಹಾಕುವ ಅಧಿಕಾರ ನೀರಗಂಟಿಯೊಬ್ಬನದು. ನೀರು ಬಳಸುವವರಿಗೂ ನೀರು ಬಿಡುವವನಿಗೂ ಇರುವ ವ್ಯತ್ಯಾಸವೇ ಕರೆಯಲ್ಲಿ ಮಾತನಾಡುವವರಿಗೂ ಯಂತ್ರವನ್ನು ಆಳುವವನಿಗೂ ಇದೆ. ತೂಬು ಯಾರ ಕೈಗೆ ಬೇಕಾದರೂ ಸಿಗುವಂತಾದರೆ, ಕೆರೆ ತುಂಬಿದ್ದರೂ ಗದ್ದೆ ಒಣಗಬಹುದು, ಇಲ್ಲವೇ ಕೊಚ್ಚಿಹೋಗಬಹುದು.

ಇಷ್ಟು ಅಪಾಯವಿದ್ದರೆ ಆ ಎರಡನೆಯ ಬಾಗಿಲನ್ನು ಮುಚ್ಚಿಬಿಡಬಾರದೇಕೆ ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಆದರೆ ಯಂತ್ರವೊಂದು ಹರಪನಹಳ್ಳಿಯಲ್ಲಿ ಮುನಿಸಿಕೊಂಡು ಕುಳಿತಿದೆ, ಅದನ್ನು ಬಲ್ಲವನು ಹೊಸಪೇಟೆಯಲ್ಲಿದ್ದಾನೆ ಎಂದಿಟ್ಟುಕೊಳ್ಳಿ. ಎರಡು ನಿಮಿಷದ ಕೆಲಸಕ್ಕಾಗಿ ಆತ ಬಸ್ಸು ಹಿಡಿದು ಬರಬೇಕಾದರೆ ಅರ್ಧ ದಿನ ಕಳೆದೀತು. ಅಷ್ಟರಲ್ಲಿ ಸಾಕ್ಷಿ ಹೇಳಬೇಕಾಗಿದ್ದವನು ಮನೆಗೆ ಮರಳಿರುತ್ತಾನೆ, ಮುಂದಿನ ತಾರೀಖು ಬಿದ್ದಿರುತ್ತದೆ. ಆದ್ದರಿಂದ ದೂರದ ಊರುಗಳಿಗೆ ಈ ಬಾಗಿಲು ಪಟ್ಟಣಗಳಿಗಿಂತ ಹೆಚ್ಚು ಅವಶ್ಯಕ. ಅವಶ್ಯಕವಾದ ಬಾಗಿಲಿಗೆ ಗಟ್ಟಿಯಾದ ಕದವೂ, ಕದಕ್ಕೆ ಕೀಲಿಯೂ, ಆ ಕೀಲಿಗೆ ಲೆಕ್ಕವೂ ಇರಬೇಕು.

ಕದವಿಲ್ಲದಿದ್ದರೆ ಏನಾಗಬಹುದು? ಇದಕ್ಕೆ ಊಹೆಯ ಅಗತ್ಯವಿಲ್ಲ. ೨೦೧೨ರ ಜನವರಿಯಲ್ಲಿ ಅಮೆರಿಕದ ರ‍್ಯಾಪಿಡ್‌ಸೆವೆನ್ ಎಂಬ ಸಂಸ್ಥೆಯ ಎಚ್. ಡಿ. ಮೂರ್ ಎಂಬ ತಜ್ಞ ತಾನು ನಡೆಸಿದ ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದ. ಇಂಟರ್‌ನೆಟ್ಟಿನ ಒಟ್ಟು ವಿಳಾಸಗಳಲ್ಲಿ ಶೇಕಡಾ ೩ರಷ್ಟನ್ನು ಮಾತ್ರ ಆತ ತಟ್ಟಿ ನೋಡಿದ್ದ. ಅಷ್ಟರಲ್ಲಿಯೇ ವಿಡಿಯೊ ಕಾನ್ಫರೆನ್ಸಿನ ಎಚ್.೩೨೩ ಎಂಬ ಭಾಷೆಯಲ್ಲಿ ಉತ್ತರ ಕೊಟ್ಟ ಯಂತ್ರಗಳು ಸುಮಾರು ಎರಡೂವರೆ ಲಕ್ಷ. ಅವುಗಳಲ್ಲಿ ೫,೦೦೦ಕ್ಕೂ ಹೆಚ್ಚು ಯಂತ್ರಗಳು ಯಾರ ಕರೆ ಬಂದರೂ ಯಾರನ್ನೂ ಕೇಳದೆ ತಾವಾಗಿಯೇ ಎತ್ತಿಕೊಳ್ಳುವಂತೆ ಏರ್ಪಟ್ಟಿದ್ದವು. ಕಂಪೆನಿಗಳ ಆಡಳಿತ ಮಂಡಳಿಯ ಕೋಣೆಗಳು, ವಕೀಲರ ಕಚೇರಿಗಳು ಕೂಡ ಆ ಪಟ್ಟಿಯಲ್ಲಿದ್ದವು. ಖಾಲಿ ಕೋಣೆಯ ಕ್ಯಾಮೆರಾವನ್ನು ದೂರದಿಂದಲೇ ತಿರುಗಿಸಿ, ಇಪ್ಪತ್ತು ಅಡಿ ಆಚೆ ಅಂಟಿಸಿದ್ದ ಚೀಟಿಯ ಮೇಲಿನ ಗುಪ್ತಸಂಖ್ಯೆಯನ್ನು ಓದಲು ಸಾಧ್ಯವಾಯಿತಂತೆ. ಅಲ್ಲಿ ಯಾವ ಬೀಗವನ್ನೂ ಯಾರೂ ಒಡೆದಿರಲಿಲ್ಲ; ಒಡೆಯುವುದಕ್ಕೆ ಬೀಗವೇ ಇರಲಿಲ್ಲ.

೨೦೧೬ರಲ್ಲಿ ಮಿರಾಯ್ ಎಂಬ ಹೆಸರಿನ ದುಷ್ಟ ಕ್ರಮವಿಧಿಯೊಂದು ಹೊರಟಿತು. ಅದರ ಬುದ್ಧಿವಂತಿಕೆ ದೊಡ್ಡದೇನಲ್ಲ. ಕಾರ್ಖಾನೆಯಿಂದ ಹೊರಡುವಾಗ ಯಂತ್ರಗಳಿಗೆ ಇಟ್ಟಿರುವ ಹೆಸರು ಮತ್ತು ಗುಪ್ತಪದಗಳ ಅರವತ್ತು ಚಿಲ್ಲರೆ ಜೋಡಿಗಳು ಅದರ ಬಳಿ ಇದ್ದವು. ಜಾಲದಲ್ಲಿ ಸಿಕ್ಕಿದ ಕ್ಯಾಮೆರಾ, ರೂಟರ್ ಮುಂತಾದವುಗಳ ಆಡಳಿತದ ಬಾಗಿಲನ್ನು ತಟ್ಟಿ ಆ ಪದಗಳನ್ನು ಒಂದೊಂದಾಗಿ ಉಚ್ಚರಿಸುತ್ತ ಹೋಯಿತು. ಲಕ್ಷಾಂತರ ಬಾಗಿಲುಗಳು ತೆರೆದವು. ಆ ವರ್ಷದ ಅಕ್ಟೋಬರ್ ೨೧ರಂದು ಇಂಥ ವಶವಾದ ಯಂತ್ರಗಳ ಸೇನೆ ಡಿನ್ ಎಂಬ ಕಂಪೆನಿಯ ಮೇಲೆ ಎರಗಿದಾಗ ಅಮೆರಿಕದಲ್ಲಿ ಅನೇಕ ಪ್ರಸಿದ್ಧ ಜಾಲತಾಣಗಳು ಗಂಟೆಗಟ್ಟಲೆ ನಿಂತುಹೋದವು. ಕೊಂಡವರು ಗುಪ್ತಪದವನ್ನು ಬದಲಾಯಿಸಲಿಲ್ಲ. ಹಲವರಿಗೆ ಬದಲಾಯಿಸಬೇಕೆಂಬುದೇ ತಿಳಿದಿರಲಿಲ್ಲ.

ನಮ್ಮ ನಾಡಿನಲ್ಲಿಯೂ ಎಚ್ಚರಿಕೆಯ ಗಂಟೆ ಬಾರಿಸಿದೆ. ೨೦೨೩ರ ಡಿಸೆಂಬರ್ ಮೊದಲ ವಾರದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಕಲಾಪ ವಿಡಿಯೊ ಕಾನ್ಫರೆನ್ಸ್ ಮೂಲಕ ನಡೆಯುತ್ತಿದ್ದಾಗ ಕೆಲವು ದುಷ್ಕರ್ಮಿಗಳು ಒಳನುಗ್ಗಿ ಅಶ್ಲೀಲ ದೃಶ್ಯಗಳನ್ನು ಬಿತ್ತರಿಸಿದರು. ಆ ಸೌಕರ್ಯವನ್ನೂ ನೇರ ಪ್ರಸಾರವನ್ನೂ ನ್ಯಾಯಾಲಯ ಆಗ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಬೆಂಗಳೂರಿನ ಪೀಠ ಮಾತ್ರವಲ್ಲ, ೨೦೦೮ರಲ್ಲಿ ಆರಂಭವಾದ ಧಾರವಾಡ ಮತ್ತು ಕಲಬುರಗಿಯ ಪೀಠಗಳಲ್ಲಿಯೂ ತೆರೆ ಮುಚ್ಚಿತು. ಇಲ್ಲೊಂದು ಮಾತನ್ನು ಸ್ಪಷ್ಟಪಡಿಸಬೇಕು. ಆ ದಿನ ನಡೆದದ್ದು ಮುಂಬಾಗಿಲಿನ ಅತಿಕ್ರಮಣ. ಸಭೆಗೆ ಬರುವವರಂತೆ ಬಂದು ಸಭೆಯನ್ನು ಕೆಡಿಸಿದ್ದು. ಅದು ಎಲ್ಲರ ಕಣ್ಣಿಗೂ ಕಂಡಿತು. ಆದ್ದರಿಂದಲೇ ತಕ್ಷಣ ನಿಲ್ಲಿಸಲು ಸಾಧ್ಯವಾಯಿತು. ನಾನು ಹೇಳುತ್ತಿರುವ ಎರಡನೆಯ ಬಾಗಿಲಿನಿಂದ ಬಂದವನು ಗದ್ದಲ ಮಾಡುವುದಿಲ್ಲ. ಸುಮ್ಮನೆ ಕುಳಿತು ನೋಡುತ್ತಾನೆ. ಅವನು ಬಂದದ್ದೂ ತಿಳಿಯುವುದಿಲ್ಲ, ಹೋದದ್ದೂ ತಿಳಿಯುವುದಿಲ್ಲ.

ಇಷ್ಟಕ್ಕೂ ತಾಲ್ಲೂಕಿನ ಕೋಣೆಯೊಂದರಲ್ಲಿ ಕದ್ದು ನೋಡುವಂಥದ್ದು ಏನಿದೆ ಎಂಬ ಉದಾಸೀನ ನಮ್ಮಲ್ಲಿ ಉಂಟು. ಬೆಳೆ ಪರಿಹಾರದ ಅಂಕಿಸಂಖ್ಯೆ, ಕುಡಿಯುವ ನೀರಿನ ಟ್ಯಾಂಕರಿನ ಲೆಕ್ಕ—ಇದರಲ್ಲಿ ಗುಟ್ಟೇನು ಎಂದು ಕೇಳುತ್ತಾರೆ. ಬಹುಪಾಲು ನಿಜ. ಸಾರ್ವಜನಿಕ ಕೆಲಸ ಸಾರ್ವಜನಿಕವಾಗಿಯೇ ನಡೆಯಲಿ. ಉಚ್ಚ ನ್ಯಾಯಾಲಯವೇ ತನ್ನ ಕಲಾಪವನ್ನು ಜನ ನೋಡಲೆಂದು ನೇರ ಪ್ರಸಾರದ ನಿಯಮಗಳನ್ನು ೨೦೨೧ರಲ್ಲಿ ರೂಪಿಸಿತು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕದ ದಿನ ಗೊರವಯ್ಯ ಬಿಲ್ಲನ್ನೇರಿ ನಿಂತಾಗ ಲಕ್ಷಾಂತರ ಜನ ಮೌನವಾಗಿ ಕಿವಿಗೊಡುತ್ತಾರೆ. ಆ ಮಾತು ಇರುವುದೇ ಎಲ್ಲರೂ ಕೇಳಲೆಂದು. ಅಲ್ಲಿಯೂ ಕೇಳುವ ಹಕ್ಕು ಎಲ್ಲರದು, ಬಿಲ್ಲನ್ನೇರುವ ಹಕ್ಕು ವ್ರತ ಹಿಡಿದ ಒಬ್ಬನದು ಎಂಬುದನ್ನು ಮರೆಯಬಾರದು. ಆದರೆ ಲೋಕದಲ್ಲಿ ಇನ್ನೊಂದು ಬಗೆಯ ಮಾತೂ ಇದೆ. ಕೇಳಬೇಕಾದವರು ಮಾತ್ರ ಕೇಳಬೇಕಾದ ಮಾತು ಅದು.

ಕಾನೂನು ಈ ಮಾತನ್ನು ಬಲ್ಲದು. ಸಾಕ್ಷಿ ನ್ಯಾಯಾಲಯದ ಕೋಣೆಯಲ್ಲಿಯೇ ಇರಬೇಕಾಗಿಲ್ಲ, ವಿಡಿಯೊ ಕಾನ್ಫರೆನ್ಸಿನ ಮೂಲಕವೂ ನುಡಿಯಬಹುದು ಎಂದು ಸರ್ವೋಚ್ಚ ನ್ಯಾಯಾಲಯ ೨೦೦೩ರ ಏಪ್ರಿಲ್ ೧ರಂದು ಪ್ರಫುಲ್ ದೇಸಾಯಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅಂದಿನ ಸಾಕ್ಷಿ ಅಮೆರಿಕದಲ್ಲಿದ್ದ ಒಬ್ಬ ವೈದ್ಯ. ಒಂಬತ್ತು ವರ್ಷಗಳ ಅನಂತರ, ೨೦೧೨ರಲ್ಲಿ, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಅಧಿನಿಯಮ ಬಂದಿತು. ಪೋಕ್ಸೊ ಎಂದು ನಾವು ಕರೆಯುವುದು ಅದನ್ನೇ. ಆ ಕಾನೂನಿನ ೩೬ನೆಯ ಪ್ರಕರಣ, ಸಾಕ್ಷ್ಯ ನುಡಿಯುವಾಗ ಮಗು ಆರೋಪಿಯ ಕಣ್ಣಿಗೆ ಬೀಳಬಾರದು, ಅದಕ್ಕಾಗಿ ವಿಡಿಯೊ ಕಾನ್ಫರೆನ್ಸನ್ನು ಬಳಸಬಹುದು ಎನ್ನುತ್ತದೆ. ೩೭ನೆಯ ಪ್ರಕರಣ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯಬೇಕೆನ್ನುತ್ತದೆ. ಅಂದರೆ ಮಗುವನ್ನು ಕಾಯಲು ಕಾನೂನು ಯಾವ ಪರದೆಯನ್ನು ಹಿಡಿದಿದೆಯೋ ಆ ಪರದೆಯೇ ಈ ಯಂತ್ರ.

ಈಗ ಯೋಚಿಸಿ. ಕೋಣೆಯ ಮರದ ಬಾಗಿಲನ್ನು ಮುಚ್ಚಿದ್ದಾರೆ. ಹೊರಗೆ ಪೊಲೀಸರಿದ್ದಾರೆ. ಸಂಬಂಧವಿಲ್ಲದವರನ್ನೆಲ್ಲ ಎಬ್ಬಿಸಿ ಕಳುಹಿಸಿದ್ದಾರೆ. ಹನ್ನೆರಡು ವರ್ಷದ ಹುಡುಗಿಯೊಬ್ಬಳು ತಾಯಿಯ ಸೆರಗನ್ನು ಹಿಡಿದುಕೊಂಡು, ತೆರೆಯ ಕಡೆ ನೋಡುತ್ತ, ಮನೆಯಲ್ಲಿಯೂ ಪೂರ್ತಿ ಹೇಳಲಾಗದಿದ್ದ ಮಾತನ್ನು ಹೇಳುತ್ತಿದ್ದಾಳೆ. ಆ ಹೊತ್ತಿನಲ್ಲಿ ಯಂತ್ರದ ಆಡಳಿತದ ಬಾಗಿಲು ಕಾರ್ಖಾನೆಯ ಗುಪ್ತಪದದೊಂದಿಗೆ ಜಗತ್ತಿಗೆ ತೆರೆದಿದ್ದರೆ, ಮುಚ್ಚಿದ ಮರದ ಬಾಗಿಲಿಗೆ ಏನು ಅರ್ಥ? ನಮ್ಮ ಸೀಮೆ ಸಣ್ಣದು. ಇಂಥ ಊರುಗಳಲ್ಲಿ ಹೆಸರು ಹೇಳದಿದ್ದರೂ ದನಿಯಿಂದಲೇ ಗುರುತು ಹಿಡಿಯುತ್ತಾರೆ. ಈ ಕಾರಣದಿಂದ, ತಂತ್ರಜ್ಞರು ತಮ್ಮೊಳಗೆ ಮಾತಾಡಿಕೊಳ್ಳುವ ಈ ವಿಷಯ ನಮ್ಮ ನಿಮ್ಮೆಲ್ಲರ ವಿಷಯವೂ ಹೌದು ಎಂದು ನಾನು ಭಾವಿಸುತ್ತೇನೆ.

ಇನ್ನು ಉಪಾಯಗಳು. ಅವು ಕಠಿಣವಲ್ಲ, ಆದರೆ ಒಂದನ್ನು ಮಾಡಿ ಇನ್ನೊಂದನ್ನು ಬಿಟ್ಟರೆ ಪ್ರಯೋಜನ ಕಡಿಮೆ.

ಮೊದಲನೆಯದು ಕಾರ್ಖಾನೆಯ ಗುಪ್ತಪದ. ಹೊಸ ಯಂತ್ರದೊಡನೆ ಬರುವ ಪದ ಆ ಮಾದರಿಯ ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ. ಕೈಪಿಡಿ ಯಾರಿಗೆ ಬೇಕಾದರೂ ಸಿಗುತ್ತದೆ. ಕೆಲವು ಯಂತ್ರಗಳಲ್ಲಿ ಪೆಟ್ಟಿಗೆಯ ಬೆನ್ನಿನ ಮೇಲಿನ ಕ್ರಮಸಂಖ್ಯೆಯೇ ಗುಪ್ತಪದ. ಕೆಲವಕ್ಕೆ ಅದೂ ಇರುವುದಿಲ್ಲ. ಯಂತ್ರವನ್ನು ಜಾಲಕ್ಕೆ ಜೋಡಿಸುವುದಕ್ಕೆ ಮೊದಲೇ ಇದನ್ನು ಬದಲಾಯಿಸಬೇಕು. ಬದಲಾಯಿಸಿದ ಪದವನ್ನು ಚೀಟಿಯ ಮೇಲೆ ಬರೆದು ತೆರೆಯ ಅಂಚಿಗೆ ಅಂಟಿಸಿರುವುದನ್ನು ಒಂದು ಕಚೇರಿಯಲ್ಲಿ ನಾನು ಕಣ್ಣಾರೆ ನೋಡಿದ್ದೇನೆ. ಮನೆಗೆ ಬೀಗ ಹಾಕಿ ಕೀಲಿಕೈಯನ್ನು ಬಾಗಿಲ ಚಿಲಕಕ್ಕೇ ತೂಗುಹಾಕಿದಂತೆ.

ಎರಡನೆಯದು, ಆಜ್ಞೆಗಳು ಸಾಗುವ ದಾರಿ. ಹಳೆಯ ಯಂತ್ರಗಳಲ್ಲಿ ಆಡಳಿತದ ಕೆಲಸಕ್ಕೆ ಟೆಲ್‌ನೆಟ್ ಎಂಬ ವಿಧಾನವನ್ನು ಬಳಸುತ್ತಿದ್ದರು. ಅದು ೧೯೬೯ರಷ್ಟು ಹಳೆಯದು. ಜಾಲದಲ್ಲಿದ್ದವರೆಲ್ಲ ಒಬ್ಬರನ್ನೊಬ್ಬರು ಬಲ್ಲವರಾಗಿದ್ದ ಕಾಲದ ಸೃಷ್ಟಿ. ಅದರಲ್ಲಿ ಗುಪ್ತಪದವೂ ಸೇರಿದಂತೆ ಎಲ್ಲವೂ ಅಂಚೆ ಕಾರ್ಡಿನ ಬರಹದಂತೆ ತೆರೆದುಕೊಂಡು ಸಾಗುತ್ತದೆ. ದಾರಿಯಲ್ಲಿ ಕೈಗೆ ಸಿಕ್ಕವರು ಓದಿಕೊಳ್ಳಬಹುದು. ೧೯೯೫ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾನಿಲಯದ ಜಾಲದಲ್ಲಿ ಯಾರೋ ಕದ್ದು ಕುಳಿತು ಹೀಗೆಯೇ ಸಾವಿರಾರು ಗುಪ್ತಪದಗಳನ್ನು ದೋಚಿದರು. ಅದನ್ನು ಕಂಡು ಕೆರಳಿದ ಅಲ್ಲಿನ ತಾತು ಯುಲೋನೆನ್ ಎಂಬ ತರುಣ ಅದೇ ವರ್ಷ ಎಸ್‌ಎಸ್‌ಎಚ್ ಎಂಬ ಹೊಸ ವಿಧಾನವನ್ನು ನಿರ್ಮಿಸಿದ. ಅದರಲ್ಲಿ ಮಾತೆಲ್ಲವೂ ಗೂಢಲಿಪಿಯಾಗಿ, ಅರಗಿನ ಮುದ್ರೆ ಹಾಕಿದ ಲಕೋಟೆಯಂತೆ ಸಾಗುತ್ತದೆ. ಯಂತ್ರದಲ್ಲಿ ಟೆಲ್‌ನೆಟ್ ಇದ್ದರೆ ಅದನ್ನು ಮುಚ್ಚಿ, ಎಸ್‌ಎಸ್‌ಎಚ್ ಒಂದನ್ನೇ ತೆರೆದಿಡಬೇಕು. ಬ್ರೌಸರಿನ ಮೂಲಕ ಆಳುವ ಪುಟವಿದ್ದರೆ ಅದಕ್ಕೂ ಗೂಢಲಿಪಿಯ ಹೊದಿಕೆಯಿರುವ ಎಚ್‌ಟಿಟಿಪಿಎಸ್ ಒಂದೇ ಸಾಕು.

ಮೂರನೆಯದು, ಗುಪ್ತಪದಕ್ಕಿಂತಲೂ ಉತ್ತಮವಾದ ಒಂದು ಏರ್ಪಾಡು. ಇಂಗ್ಲಿಷಿನಲ್ಲಿ ಇದನ್ನು ವಿವರಿಸುವವರು ಎರಡು ಕೀಗಳು ಎಂದು ಹೇಳಿ ಕೇಳುವವರನ್ನು ಗೊಂದಲಕ್ಕೀಡುಮಾಡುತ್ತಾರೆ. ನಮ್ಮ ಬಳ್ಳಾರಿ ಸೀಮೆಯ ಆಡುಮಾತು ಇಲ್ಲಿ ಸಹಾಯಕ್ಕೆ ಬರುತ್ತದೆ. ನಾವು ಬೀಗಕ್ಕೆ ಕೀಲಿ ಎನ್ನುತ್ತೇವೆ. ಅದನ್ನು ತೆರೆಯುವುದಕ್ಕೆ ಕೀಲಿಕೈ ಎನ್ನುತ್ತೇವೆ. ತಂತ್ರಜ್ಞ ತನ್ನ ಕಂಪ್ಯೂಟರಿನಲ್ಲಿ ಪರಸ್ಪರ ಹೊಂದುವ ಒಂದು ಕೀಲಿಯನ್ನೂ ಒಂದು ಕೀಲಿಕೈಯನ್ನೂ ತಯಾರಿಸುತ್ತಾನೆ. ಎರಡೂ ಬಹು ದೊಡ್ಡ ಸಂಖ್ಯೆಗಳೇ. ಕೀಲಿಯನ್ನು ಕೊಟ್ಟೂರಿನ ಯಂತ್ರಕ್ಕೆ ಹಾಕುತ್ತಾನೆ. ಅದನ್ನು ಯಾರು ನೋಡಿದರೂ ಹಾನಿಯಿಲ್ಲ, ಬೀಗವನ್ನು ನೋಡಿದ ಮಾತ್ರಕ್ಕೆ ಬಾಗಿಲು ತೆರೆಯುವುದಿಲ್ಲವಷ್ಟೆ. ಕೀಲಿಕೈ ಅವನ ಬಳಿಯಿಂದ ಎಂದೂ ಹೊರಡುವುದಿಲ್ಲ. ಆತ ಬಾಗಿಲು ತಟ್ಟಿದಾಗ, ಆ ಕೀಲಿಕೈಯಿದ್ದವನು ಮಾತ್ರ ಕೊಡಬಲ್ಲ ಒಂದು ರುಜುವಾತನ್ನು ಯಂತ್ರ ಬಯಸುತ್ತದೆ. ಆ ರುಜುವಾತು ಪ್ರತಿಸಲವೂ ಬೇರೆ. ದಾರಿಯಲ್ಲಿ ಅದನ್ನು ಕದ್ದವನಿಗೆ ಅದು ಮುಂದಿನ ಸಲ ಉಪಯೋಗಕ್ಕೆ ಬರುವುದಿಲ್ಲ. ಊಹಿಸಬಹುದಾದ ಪದವೇ ಇಲ್ಲದ ಮೇಲೆ ಮಿರಾಯ್‌ನಂಥವು ಅರವತ್ತಲ್ಲ, ಅರವತ್ತು ಕೋಟಿ ಪದ ಉಚ್ಚರಿಸಿದರೂ ವ್ಯರ್ಥ. ಈ ಸೌಕರ್ಯವಿಲ್ಲದ ಯಂತ್ರಗಳಿಗೆ ಉದ್ದವಾದ, ಬೇರೆಲ್ಲಿಯೂ ಬಳಸದ ಗುಪ್ತಪದವೇ ಗತಿ.

ಇದಕ್ಕೆ ಸೇರಿದಂತೆ ಒಂದು ಸೂಕ್ಷ್ಮವಿದೆ. ಬಾಗಿಲು ತಟ್ಟುವವನನ್ನು ಯಂತ್ರ ಪರೀಕ್ಷಿಸುವಂತೆ, ತಾನು ತಟ್ಟುತ್ತಿರುವುದು ನಿಜವಾದ ಬಾಗಿಲೇ ಎಂದು ತಂತ್ರಜ್ಞನೂ ಪರೀಕ್ಷಿಸಬೇಕು. ನಡುವೆ ಮೋಸಗಾರನೊಬ್ಬ ಸುಳ್ಳು ಬಾಗಿಲನ್ನು ನಿಲ್ಲಿಸಿರಬಹುದು. ಎಸ್‌ಎಸ್‌ಎಚ್‌ನಲ್ಲಿ ಪ್ರತಿಯೊಂದು ಯಂತ್ರಕ್ಕೂ ಬೆರಳಚ್ಚಿನಂಥ ಒಂದು ಗುರುತು ಉಂಟು. ಯಂತ್ರವನ್ನು ಕೂರಿಸುವ ದಿನವೇ ಅದನ್ನು ಬರೆದುಕೊಂಡಿರಬೇಕು. ಮುಂದೆ ಎಂದಾದರೂ ಗುರುತು ಬದಲಾಗಿದೆಯೆಂಬ ಎಚ್ಚರಿಕೆ ತೆರೆಯ ಮೇಲೆ ಮೂಡಿದರೆ, ಆತುರದಲ್ಲಿ ಅದನ್ನು ದಾಟಿಹೋಗದೆ ಕಾರಣ ತಿಳಿದುಕೊಳ್ಳಬೇಕು.

ನಾಲ್ಕನೆಯದು, ಆ ಬಾಗಿಲನ್ನು ಎಲ್ಲಿ ಇಡಬೇಕೆಂಬುದು. ಉಚ್ಚಂಗಿದುರ್ಗದಂಥ ಕೋಟೆಗಳನ್ನು ನೋಡಿದವರು ಬಲ್ಲರು, ಒಂದು ಬಾಗಿಲನ್ನು ದಾಟಿದ ಮಾತ್ರಕ್ಕೆ ಒಳಗಿನ ನೆಲೆ ಸಿಕ್ಕುವುದಿಲ್ಲ. ಯಂತ್ರದ ಆಡಳಿತದ ಬಾಗಿಲೂ ಬಯಲಿಗೆ, ಎಂದರೆ ಸಾರ್ವಜನಿಕ ಇಂಟರ್‌ನೆಟ್ಟಿಗೆ, ನೇರವಾಗಿ ಮುಖ ಮಾಡಿರಕೂಡದು. ಅದು ಕಚೇರಿಯ ಒಳಜಾಲದಲ್ಲಿ, ಅದರಲ್ಲಿಯೂ ಇತರ ಕಂಪ್ಯೂಟರುಗಳಿಂದ ಪ್ರತ್ಯೇಕಿಸಿದ ಓಣಿಯಲ್ಲಿ ಇರಬೇಕು. ಹೊರಗಿನಿಂದ ಬರುವ ತಂತ್ರಜ್ಞ ಮೊದಲು ವಿಪಿಎನ್ ಎಂಬ ಕಾವಲಿನ ಸುರಂಗವನ್ನು ಹಾದು, ಅನಂತರ ಈ ಬಾಗಿಲನ್ನು ತಟ್ಟಬೇಕು. ಯಾವ ಯಾವ ವಿಳಾಸಗಳಿಂದ ಬಂದವರಿಗೆ ಪ್ರವೇಶವುಂಟೆಂದು ಫೈರ್‌ವಾಲ್ ಎಂಬ ಕಾವಲಿಗೆ ಪಟ್ಟಿ ಕೊಟ್ಟಿರಬೇಕು. ಬಾಗಿಲಿನ ಸಂಖ್ಯೆಯನ್ನು ಬದಲಾಯಿಸಿ, ಇನ್ನು ಯಾರಿಗೂ ತಿಳಿಯದೆಂದು ನಿಶ್ಚಿಂತರಾಗುವವರೂ ಇದ್ದಾರೆ. ಗೂಢವಿದ್ಯೆಯ ಪಂಡಿತ ಕೆರ್ಕ್‌ಹಾಫ್ಸ್ ೧೮೮೩ರಷ್ಟು ಹಿಂದೆಯೇ ಇದಕ್ಕೆ ಉತ್ತರ ಹೇಳಿದ್ದಾನೆ: ವ್ಯವಸ್ಥೆಯ ವಿನ್ಯಾಸವೆಲ್ಲ ಶತ್ರುವಿಗೆ ತಿಳಿದಿದ್ದರೂ ಅದು ಸುರಕ್ಷಿತವಾಗಿರಬೇಕು, ಗುಟ್ಟೆಲ್ಲ ಕೀಲಿಕೈಯಲ್ಲಿ ಮಾತ್ರ ಇರಬೇಕು. ಚಿತ್ರದುರ್ಗದ ಕಥೆಯೂ ಇದನ್ನೇ ಹೇಳುತ್ತದೆಯಲ್ಲವೆ? ಹೈದರಾಲಿಯ ಸೈನಿಕರು ನುಸುಳಲೆತ್ನಿಸಿದ್ದು ಕೋಟೆಯ ಮಹಾದ್ವಾರದಿಂದಲ್ಲ, ಯಾರಿಗೂ ತಿಳಿಯದೆಂದು ಬಿಟ್ಟಿದ್ದ ಒಂದು ಕಿಂಡಿಯಿಂದ. ಅಲ್ಲಿ ಒನಕೆ ಹಿಡಿದು ನಿಂತ ಓಬವ್ವನ ತವರು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯೆಂಬ ಪ್ರತೀತಿ ನಮ್ಮಲ್ಲಿದೆ. ಆದರೆ ಪ್ರತಿಯೊಂದು ಕಿಂಡಿಗೂ ಒಬ್ಬ ಓಬವ್ವ ಸಿಕ್ಕಾಳೆಂದು ನಂಬಿ ಕೂರುವುದು ರಾಜನೀತಿಯಲ್ಲ.

ಐದನೆಯದು ಯಂತ್ರಕ್ಕೆ ಸಂಬಂಧಿಸಿದ್ದಲ್ಲ, ಮನುಷ್ಯರಿಗೆ ಸಂಬಂಧಿಸಿದ್ದು. ‘ಅಡ್ಮಿನ್’ ಎಂಬ ಒಂದೇ ಹೆಸರು, ಒಂದೇ ಗುಪ್ತಪದ, ಅದನ್ನು ಬಲ್ಲವರು ಹತ್ತು ಮಂದಿ ಎಂಬ ಸ್ಥಿತಿಯಿದ್ದರೆ ತಪ್ಪು ನಡೆದಾಗ ಯಾರನ್ನು ಕೇಳುವುದು? ಒಬ್ಬೊಬ್ಬರಿಗೂ ಅವರವರ ಹೆಸರಿನ ಪ್ರವೇಶವಿರಬೇಕು. ಕ್ಯಾಮೆರಾ ಸರಿಪಡಿಸುವವನಿಗೆ ಅಷ್ಟೇ ಅಧಿಕಾರ ಸಾಕು. ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ವರ್ಗಾವಣೆಯೆಂಬುದು ಋತುಮಾನದಂತೆ ಬರುತ್ತದೆ. ಅಧಿಕಾರಿ ಹೊರಡುವಾಗ ಬೀರು, ಕಡತ, ಮೊಹರು, ಕೀಲಿಕೈಗೊಂಚಲು ಇವನ್ನೆಲ್ಲ ಪ್ರಭಾರ ಪಟ್ಟಿಯಲ್ಲಿ ಬರೆದು ಒಪ್ಪಿಸಿ ಹೋಗುತ್ತಾನೆ. ಆ ಪಟ್ಟಿಯಲ್ಲಿ ಈ ಅದೃಶ್ಯ ಕೀಲಿಕೈಗೂ ಒಂದು ಸಾಲು ಇರಬೇಕು. ಗುತ್ತಿಗೆಯ ಅವಧಿ ಮುಗಿದ ಕಂಪೆನಿಯ ಪ್ರವೇಶವನ್ನು ಅದೇ ದಿನ ರದ್ದುಮಾಡಬೇಕು.

ಇಷ್ಟೊಂದು ಬೀಗಗಳಾದರೆ ಕೆಲಸ ನಡೆಯುವುದು ಹೇಗೆ, ಕೀಲಿಕೈ ಕಳೆದುಹೋದರೆ ಗತಿಯೇನು ಎಂಬ ಆಕ್ಷೇಪ ಬರುತ್ತದೆ. ಅದಕ್ಕೂ ನಮ್ಮ ಹಳೆಯ ಖಜಾನೆಗಳೇ ದಾರಿ ತೋರಿಸಿವೆ. ಖಜಾನೆಯ ಭದ್ರಕೋಣೆಗೆ ಎರಡು ಬೀಗ. ಎರಡರ ಕೀಲಿಕೈ ಇಬ್ಬರು ಬೇರೆ ಬೇರೆ ಅಧಿಕಾರಿಗಳಲ್ಲಿ. ಒಬ್ಬನೇ ಬಂದರೆ ಬಾಗಿಲು ತೆರೆಯದು. ಕಚೇರಿಗಳ ಹಣದ ಪೆಟ್ಟಿಗೆಯ ನಕಲು ಕೀಲಿಕೈಯನ್ನು ಮೊಹರು ಮಾಡಿ ಖಜಾನೆಯಲ್ಲಿ ಇರಿಸುವ ಪದ್ಧತಿಯೂ ಉಂಟು. ಇಂದು ತಜ್ಞರು ಎರಡು ಹಂತದ ದೃಢೀಕರಣವೆಂದು ಹೊಸ ಹೆಸರಿನಲ್ಲಿ ಹೇಳುವ ಮಾತಿಗೂ, ತುರ್ತು ಗುಪ್ತಪದವನ್ನು ಮೊಹರಿನ ಲಕೋಟೆಯಲ್ಲಿಡಿ ಎಂದು ಕೊಡುವ ಸಲಹೆಗೂ ಈ ಹಳೆಯ ಶಿಸ್ತಿನ ಬಂಧುತ್ವವಿದೆ. ಹಣಕ್ಕೆ ತೋರಿಸಿದ ಎಚ್ಚರವನ್ನು ಮಾತಿಗೂ ತೋರಿಸಿದರೆ ಸಾಕು.

ಉಳಿದವನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಕರೆಯನ್ನು ತಾನಾಗಿಯೇ ಎತ್ತಿಕೊಳ್ಳುವ ಏರ್ಪಾಡನ್ನು ಆರಿಸಿಡಬೇಕು. ತಯಾರಕರು ದೋಷಗಳನ್ನು ತಿದ್ದಿ ಕಳುಹಿಸುವ ಹೊಸ ತಂತ್ರಾಂಶವನ್ನು ಕಾಲಕಾಲಕ್ಕೆ ತುಂಬಬೇಕು. ತಿದ್ದುಪಡಿ ಬರುವುದೇ ನಿಂತುಹೋದ ಮುದಿ ಯಂತ್ರಕ್ಕೆ ನಿವೃತ್ತಿ ಕೊಡಬೇಕು. ವಿಲೇವಾರಿ ಮಾಡುವಾಗ ಅದರೊಳಗಿನ ವಿಳಾಸ, ಗುಪ್ತಪದಗಳನ್ನು ಅಳಿಸಬೇಕು. ಯಾರು ಯಾವಾಗ ಒಳಗೆ ಬಂದರು, ಏನು ಮಾಡಿದರು ಎಂಬ ದಿನಚರಿಯನ್ನು ಯಂತ್ರ ತನ್ನಲ್ಲಿ ಮಾತ್ರವಲ್ಲದೆ ಬೇರೊಂದು ಸುರಕ್ಷಿತ ಕಂಪ್ಯೂಟರಿಗೂ ಕಳುಹಿಸುತ್ತಿರಬೇಕು. ಒಳಹೊಕ್ಕ ಕಳ್ಳ ಮೊದಲು ಅಳಿಸುವುದು ತನ್ನ ಹೆಜ್ಜೆಯನ್ನೇ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ೨೦೨೨ರ ಏಪ್ರಿಲ್ ೨೮ರಂದು ಹೊರಡಿಸಿದ ನಿರ್ದೇಶನಗಳು ಇಂಥ ದಿನಚರಿಯನ್ನು ೧೮೦ ದಿನ ಕಾದಿಡಬೇಕೆಂದೂ, ಜಾಲದ ಮೇಲಿನ ದಾಳಿ ತಿಳಿದುಬಂದ ೬ ಗಂಟೆಗಳೊಳಗೆ ವರದಿ ಮಾಡಬೇಕೆಂದೂ, ಗಡಿಯಾರಗಳನ್ನು ಅಧಿಕೃತ ಸಮಯಕ್ಕೆ ಹೊಂದಿಸಿರಬೇಕೆಂದೂ ವಿಧಿಸಿವೆ. ಗಡಿಯಾರದ ಮಾತು ಅಲ್ಪವೆಂದು ತೋರಬಹುದು. ಆದರೆ ಹಗರಿಬೊಮ್ಮನಹಳ್ಳಿಯ ಯಂತ್ರದ ಗಡಿಯಾರ ಅರ್ಧ ಗಂಟೆ ಹಿಂದಿದ್ದರೆ, ಅದರ ದಿನಚರಿ ನ್ಯಾಯಾಲಯದಲ್ಲಿ ಯಾರ ಮೇಲಾದರೂ ಸಾಕ್ಷಿಯಾಗಿ ನಿಂತೀತೆ?

ಕೊನೆಗೆ ಅತ್ಯಂತ ಸರಳವಾದದ್ದು: ಕೆಲಸವಿಲ್ಲದಾಗ ಕ್ಯಾಮೆರಾದ ಕಣ್ಣಿಗೆ ಒಂದು ಮುಚ್ಚಳ, ಮೈಕಿಗೆ ಪ್ರತ್ಯೇಕ ಸ್ವಿಚ್ಚು. ಜಗತ್ತಿ‌ನ ಯಾವ ಮೂಲೆಯ ಚತುರನೂ ಬಟ್ಟೆಯ ಮುಸುಕನ್ನು ಜಾಲದ ಮೂಲಕ ಎಳೆದು ತೆಗೆಯಲಾರ.

ಇವೆಲ್ಲ ಆಗಬೇಕಾದರೆ ಹೆಚ್ಚಿನ ಹಣ ಬೇಕಾಗಿಲ್ಲ. ಎಸ್‌ಎಸ್‌ಎಚ್‌ನ ಉಚಿತ ರೂಪಗಳಿವೆ. ಗುಪ್ತಪದ ಬದಲಾಯಿಸಲು ಕಾಸು ಖರ್ಚಿಲ್ಲ. ಪ್ರಭಾರ ಪಟ್ಟಿಗೆ ಒಂದು ಸಾಲು ಸೇರಿಸಲು ಮಸಿಯಷ್ಟೇ ಬೇಕು. ಬೇಕಾಗಿರುವುದು, ಇದು ತನ್ನ ಹೊಣೆಯೆಂದು ಒಪ್ಪಿಕೊಳ್ಳುವ ಒಬ್ಬ ಮನುಷ್ಯ. ಯಂತ್ರವನ್ನು ಕೊಂಡವರು ಒಂದು ಇಲಾಖೆ, ಕೂರಿಸಿದವರು ಒಂದು ಕಂಪೆನಿ, ಜಾಲ ಇನ್ನೊಬ್ಬರದು, ಕೋಣೆ ಮತ್ತೊಬ್ಬರದು ಎಂಬಲ್ಲಿ ಕೀಲಿಕೈ ಯಾರದೂ ಅಲ್ಲದೆ ಬಿದ್ದಿರುತ್ತದೆ. ಕೆರೆಯ ತೂಬಿಗೆ ನೀರಗಂಟಿಯನ್ನು ಗೊತ್ತುಮಾಡಿದ ಹಿರಿಯರು ಹೊಣೆಯನ್ನು ಹೀಗೆ ಹಂಚಿ ಕರಗಿಸಲಿಲ್ಲ. ಹೆಸರಿಟ್ಟು ಒಬ್ಬನಿಗೆ ಒಪ್ಪಿಸಿದರು.

ಈ ಮಾತುಗಳನ್ನು ಕೇಳಿದವರು ಮುಂದೆ ಎಂದಾದರೂ ಒಂದು ವಿ.ಸಿ. ಕೋಣೆಯೊಳಗೆ ಕಾಲಿಡಬಹುದು, ಸಾಕ್ಷಿಯಾಗಿ, ಅರ್ಜಿದಾರರಾಗಿ, ಇಲ್ಲವೇ ಒಂದು ಮಗುವಿನ ಕೈ ಹಿಡಿದುಕೊಂಡು. ಆಗ ಅಲ್ಲಿರುವ ಅಧಿಕಾರಿಯನ್ನು ವಿನಯದಿಂದ ಒಂದು ಪ್ರಶ್ನೆ ಕೇಳಬಹುದು: “ಸ್ವಾಮಿ, ಈ ಯಂತ್ರದ ಕೀಲಿಕೈ ಯಾರ ಹತ್ತಿರ ಇದೆ?” ಉತ್ತರವಾಗಿ ಒಬ್ಬ ವ್ಯಕ್ತಿಯ ಹೆಸರು ಬಂದರೆ ಧೈರ್ಯವಾಗಿ ಮಾತು ಆರಂಭಿಸಬಹುದು. ಬರದಿದ್ದರೆ, ಆ ಹೆಸರು ಗೊತ್ತಾಗುವವರೆಗೆ ಕಾಯುವ ಹಕ್ಕು ಮಾತನಾಡುವವರಿಗೆ ಇದೆಯೆಂದೇ ನನ್ನ ನಂಬಿಕೆ.